ತಲಿಕಟ್ಟು ಮುರದ ಕ

ಮೊಳಿ ಜೋಡಸಾಂವಗ ಅಕ್ಷರ ಉಲ್ಟಾನ ಕಾಣಬೇಕು.
ಹತ್ತೊಂಬತ್ತರ ವಯಸ್ಸಿಗೆ ನನಗ
ಕನಸಿನಾಗ ಅಂಗಡಿ ಬೋರ್ಡೂ ಉಲ್ಟಾ ಬರ್ತಿದ್ದು.

ಗಣಪತ ಗಲ್ಲ್ಯಾಗ ಮಡಿವಾಳಪ್ಪ ಕಡ್ರೊಳ್ಳಿಯವರ ಛಾಪಖಾನಿ.
ವಾರಕ್ಕೊಮ್ಮೆ 'ಮಾರ್ಕಂಡೇಯ ವಾರ್ತೆ', ನಾಕು ಪುಟ,
ಯುದ್ಧ ಹತ್ತಿದ ಮ್ಯಾಲ ಎರಡ.
ಕಾಗದ ಸರಕಾರ ಅಳದು ಕೊಡೂದು.
ಹಿಂಗಾಗಿ ಸಾವುಕಾರ್ರು ಮುಂಜಾನೆ ಅಗ್ರಲೇಖ ಬರದು
ಮಧ್ಯಾಹ್ನ ಊಟಾದ ಮ್ಯಾಲ ಪತ್ರ ಬರೀತಿದ್ರು:
ಕಲೆಕ್ಟರಗ ಒಂದು, ಪುಣೆಕ್ಕ ಒಂದು,
ಕ್ಯಾಂಪಿನ ಭರ್ತಿ ಸಾಹೇಬಗ ಒಂದು,
ಗೋಕಾಕ ಕಡಿಂದ ಇನ್ನೂ ಐವತ್ತು ಹುಡುಗರು ಬರ್ತಾರಂತ.

ಉಳ್ಳಾಗಡ್ಡಿ ಸಿಪ್ಪಿಯಂಥ ನಕಲು ಹಾಳಿ ಹಸಿ ಮಾಡಿ,
ಪತ್ರದ ಮ್ಯಾಲ ಹಾಸಿ,
ಕಬ್ಬಿಣದ ಚಕ್ರ ತಿರುವೂದು ನನ್ನ ಕೆಲಸ.
ಇಂಗ್ಲಿಷ್ ಬರೂದಿಲ್ಲಂತನ ನನಗ ಕೊಟ್ಟಿದ್ರು.

ರಾತ್ರಿ ಬ್ಯಾರೆ ಪತ್ರ,
ಗಾಣದ ರಸೀದಿ ಹಿಂದ, ಸಹಿ ಇಲ್ಲದ್ದು,
ಕಿತ್ತೂರ ಕಡಿ ತಂತಿ ಕಡಿಯೂ ಹುಡುಗರಿಗೆ.
ಅದಕ್ಕ ನಕಲಿಲ್ಲ.
ಅವರ ಕರಪತ್ರಕ್ಕ ಕಂದೀಲ ಸಣ್ಣ ಮಾಡಿ
ಮೊಳಿ ಜೋಡಿಸಿದಾಂವ ನಾನು.
'ಯಾವದು ಖರೆ ಸಾವುಕಾರ?' ಅಂತ ಒಮ್ಮೆ ಕೇಳಿದ್ನಿ.
'ಎರಡೂ ಖರೆ ದಸ್ತಗೀರ. ನೀ ಸಾಲು ಸರಿ ಬಿಗಿ.'

ನವರಾತ್ರಿ ಮುಂದ ಫೌಜದಾರ ಬಂದ.
ಕೈಯಾಗ ಕರಪತ್ರ, ಕಿಸೆದಾಗ ಭಿಂಗ.
ಹನ್ನೊಂದನೇ ಸಾಲು, 'ಕರ ಕೊಡಬ್ಯಾಡ್ರಿ',
ಕರ ಅನ್ನೂದರ ಕ, ತಲಿಕಟ್ಟು ಮುರದದ್ದು.
ಸಾವುಕಾರ್ರು ಚಹಾ ತರಿಸಿದ್ರು.
'ನಾಳೆ ಬಂದು ನಮ್ಮ ಖಾನಿ ಎಲ್ಲಾ ಜಾಲಾಡ್ರಿ' ಅಂದ್ರು.
ಫೌಜದಾರ ಬಿಸ್ಕೀಟ ಅದ್ದಿ ತಿಂದ, ಹೋದ.

ಅವತ್ತ ಸಂಜಿಕ ಒಂದು ಸೇರು ಮೊಳಿ ಚೀಲಕ್ಕ ಹಾಕಿ:
'ಮಠ ಗಲ್ಲಿ ನೇಮಣ್ಣ ಚೌಗುಲೆಗೆ
ಕ ಕಮ್ಮಿ ಬಿದ್ದಾವಂತ. ಕೊಟ್ಟ ಬಾ.'
ಲಗ್ನಪತ್ರಿಕಿ, ಬಸದಿ ಹಬ್ಬದ ಚೀಟಿ ಛಾಪಸಾಂವ ನೇಮಣ್ಣ.
ಯುದ್ಧ ಬಂದು ಲಗ್ನಾನೂ ಕಮ್ಮಿ ಆಗಿದ್ದು.
ಚೀಲ ಅಂಗೈಯಾಗ ತೂಗಿ ನೋಡಿ
'ನಾ ಕೇಳೇ ಇರಲಿಲ್ಲಲ್ಲ' ಅಂದ, ನಕ್ಕ,
ನನಗ ಬೆಲ್ಲ, ನೀರು ಕೊಟ್ಟ.

ಮರದಿನ ಅವನ್ನ ಹಿಂಡಲಗಾ ಜೈಲಿಗೆ ಒಯ್ದ್ರು.
ಹದಿನಾಕು ತಿಂಗಳ.
ತಿಂಗಳಿಗೆ ಹತ್ತು ರೂಪಾಯಿ ಅವನ ಮನಿಗೆ
ಸಾವುಕಾರ್ರು ಕಳಸ್ತಿದ್ರು, ಒಯ್ಯಾಂವ ನಾನು.
ಅವನ ಹೇಂತಿ ಪದ್ಮವ್ವ ಎರಡು ಸಲ ಎಣಿಸಿ
ಸೆರಗಿನ ತುದಿಗೆ ಕಟಗೊಂಡು
'ನಿಮ್ಮ ಸಾವುಕಾರ್ರ ಮಗಳಿಗೆ ಜ್ವರ ಬಿಟ್ಟುವ?' ಅಂತ ಕೇಳ್ತಿದ್ಲು.
ದೀಪಾವಳಿಗೆ ನಮ್ಮ ಪತ್ರಿಕಿ
ಮತ್ತ ನಾಕು ಪುಟ ಆತು.

ಯುದ್ಧ ಮುಗೀತು.
'ಸುಟ್ಟ ಬಿಡು' ಅಂತ ನಕಲು ಪುಸ್ತಕ ಕೈಗೆ ಇಟ್ರು.
ಬಚ್ಚಲ ಒಲಿ ಮುಂದ ಕುಂತು ಹಾಳಿ ಹರೀತಿದ್ನಿ,
ಭರ್ ಅಂತ ಹತ್ತಿ ಬೂದಿನೂ ಉಳೀತಿರಲಿಲ್ಲ.
ಒಂದು ಹಾಳಿ ಮಗ್ಗಲು ಹೊರಳಿ ಬಿತ್ತು.
ಇಂಗ್ಲಿಷಿನ ಅರ್ಥ ಬರೂದಿಲ್ಲ ನನಗ,
ಅಕ್ಷರ ಬರ್ತಾವ, ಅದೂ ಉಲ್ಟಾ ಕಡಿಂದ ಭಾಳ ಸಲೀಸ.
ಚೌಗುಲೆ.
ಮಠ ಗಲ್ಲಿ.
ಮ್ಯಾಲ ತಾರೀಖು:
ಫೌಜದಾರ ಚಹಾಕ್ಕ ಬಂದದ್ದರ ಹಿಂದಿನ ದಿನ.
ಕೆಳಗ ಮೂಲ್ಯಾಗ ಒಂದು ಹೆಬ್ಬೆಟ್ಟಿನ ಕಲಿ,
ಮಸಿ ಹತ್ತಿದ ಕೈಲೆ ಹಸಿ ಹಾಳಿ ಹಿಡದದ್ದು.
ನಂದ ಅದು.

ಆ ಹಾಳಿ ಸುಟ್ನೋ, ಇಟ್ಕೊಂಡ್ನೋ
ಇವತ್ತ ನೆನಪಿಲ್ಲ ಅಂದ್ರ ನಂಬ್ರಿ, ಬಿಡ್ರಿ.

ಮುಂದ ಒಂದಿನ ಭೆಂಡಿ ಬಜಾರದಾಗ ನೇಮಣ್ಣ ಎದುರಾದ.
ಮೈ ಇಳದಿತ್ತು, ಕೈಯಾಗ ಸೊಪ್ಪಿನ ಚೀಲ.
ನಿಂದ್ರಿಸಿ ನಾಚಿಕೊಂಡಾಂವನಂಗ ಅಂದ:
'ನಿಮ್ಮ ಮೊಳಿ ಪೊಲೀಸರು ತಿರುಗಿ ಕೊಡಲಿಲ್ಲೋ ದಸ್ತಗೀರ.
ಸಾವುಕಾರ್ರಿಗೆ ಹೇಳು,
ಎಷ್ಟ ಇದ್ದು ಅಂತ ಹೇಳಿದ್ರ ರೊಕ್ಕ ಕೊಡ್ತೇನಿ.'

ಒಂದು ಸೇರು, ಅಂದ್ನಿ ನಾನು.