ಉಬ್ಬರದ ಹೊತ್ತು

ಜುಲೈ ನಡುವಿಗೆ ಸೆನ್ ನದಿಯ ದಂಡೆಗೆ
ದೋಣಿಯಲ್ಲಿ ಬಂದು ಬೀಳುತ್ತದೆ ಮರಳು.
ಒಂದು ರಾತ್ರಿ ಸುರಿದು, ಇನ್ನೊಂದು ರಾತ್ರಿ ಸವರಿ,
ಬೆಳಗಾಗುವಷ್ಟರಲ್ಲಿ ಡಾಂಬರಿನ ಮೇಲೆ ನೀಲಿ ಕೊಡೆ, ಬಟ್ಟೆ ಕುರ್ಚಿ,
ಪೀಪಾಯಿಯಲ್ಲಿ ನೆಟ್ಟ ನಾಲ್ಕು ಈಚಲು.
ಕಡಲೊಂದು ಬಿಟ್ಟು ಕಡಲತೀರಕ್ಕೆ ಬೇಕಾದ್ದೆಲ್ಲ ತಯಾರು.

ನಾನಿಲ್ಲಿ ಜೀವರಕ್ಷಕ.
ಕೆಂಪು ಚಡ್ಡಿ, ಕೊರಳಲ್ಲಿ ಸೀಟಿ, ಏಣಿಯ ತುದಿಗೊಂದು ಆಸನ.
ನೀರಿಗಿಳಿಯಬಾರದೆಂದು ಪಕ್ಕದಲ್ಲೇ ಬೋರ್ಡು.
ಮುಳುಗಲಾರದವರನ್ನು ಕಾಯುವುದಕ್ಕೆ
ಸಂಬಳ, ಊಟದ ಚೀಟಿ, ಸನ್‌ಕ್ರೀಮು ಪುಕ್ಕಟೆ.

ಮೂರನೆಯ ದಿನ ಬಂದಳು ಮದಾಮ್ ಕೆರ್ವೆಲ್ಲಾ.
ಎಂಬತ್ತರ ಆಸುಪಾಸು. ಈ ಸೆಕೆಯಲ್ಲೂ ಸೊಂಟಕ್ಕೆ ಉಣ್ಣೆಯ ಪಟ್ಟಿ.
ಚಿಟಿಕೆ ಮರಳು ನಾಲಿಗೆಗಿಟ್ಟು ಉಗಿದಳು:
"ಗಾರೆ ಕೆಲಸದ್ದು. ಸಪ್ಪೆ."
ಆಮೇಲೆ ಅಂಚಿಗೇ ಕುರ್ಚಿ ಹಾಕಿ ಕೂತು
ಚೀಲದಿಂದ ತೆಗೆದಳು ಅಂಗೈಯಗಲದ ಪುಸ್ತಿಕೆ,
ದುಆರ್ನನೇ ಬಂದರಿನ ಉಬ್ಬರ ಇಳಿತದ ವೇಳಾಪಟ್ಟಿ.
ಹದಿನೆಂಟಕ್ಕೆ ಬಿಟ್ಟ ಊರು. ಸಾರ್ಡೀನ್ ಡಬ್ಬಿಯ ಕಾರ್ಖಾನೆಯಿಂದ
ಇಲ್ಲಿನ ಆಸ್ಪತ್ರೆಯ ಚಾದರ ಒಗೆಯುವುದಕ್ಕೆ ಬಂದವಳು.
ಪುಸ್ತಿಕೆ ಮಾತ್ರ ವರ್ಷವರ್ಷ ಅಂಚೆಯಲ್ಲಿ ಬರುತ್ತದಂತೆ.

ಮೂರೂ ನಲವತ್ತಕ್ಕೆ ಎದ್ದಳು.
ಕುರ್ಚಿ ಎಳೆದಳು ಹಿಂದಕ್ಕೆ, ಎಣಿಸಿ ಎಂಟು ಹೆಜ್ಜೆ.
"ಬಿಸಿಲೇ, ಮದಾಮ್?"
"ಉಬ್ಬರ," ಅಂದಳು, ಕಿವುಡನಿಗೆ ಹೇಳುವ ಹಾಗೆ.
ಮಾರನೆಯ ದಿನ ನಾಲ್ಕೂವರೆಗೆ. ಅದರ ಮಾರನೆಗೆ ಐದೂ ಇಪ್ಪತ್ತಕ್ಕೆ.
ಚಂದ್ರ ದಿನಾ ತಡಮಾಡುವ ಗಿರಾಕಿ,
ತಡಮಾಡಿದರೂ ಲೆಕ್ಕ ತಪ್ಪದವನು.

ನಗುವವರು ನಕ್ಕರು.
ಒಬೆರ್ವಿಲಿಯೇಯಿಂದ ಮೆಟ್ರೋ ಹಿಡಿದು ಬರುವ ಕಾದಿಯಾತು ನಗಲಿಲ್ಲ.
ಒಂಬತ್ತು ವರ್ಷ, ಕಡಲು ಕಂಡಿಲ್ಲ.
ತಮ್ಮ ಕಟ್ಟಿದ ಮರಳಗೂಡಿನತ್ತ ಬೆರಳು ತೋರಿ ಕೇಳಿದಳು:
"ಹಾಗಾದರೆ ಅದು?"
"ಅದು ಹೋಯಿತು," ಅಂದಳು ಮುದುಕಿ, ಪುಟ ಮಗುಚುತ್ತ.
ಅಲ್ಲಿಂದ ಶುರು: ಬಕೆಟ್ಟು, ಚಪ್ಪಲಿ, ಕಲ್ಲಂಗಡಿ ಹೋಳು,
ತೂಕಡಿಸುವ ಅಪ್ಪನ ಎರಡೂ ಕಾಲು,
ಹೊತ್ತಾದರೆ ಹಿಂದಕ್ಕೆಳೆದರು ಮಕ್ಕಳು.

ಆಗಸ್ಟಿನ ಹುಣ್ಣಿಮೆ ಕಳೆದ ಮರುದಿನ
"ಇವತ್ತು ದೊಡ್ಡದು," ಅಂದಳು, "ಇಪ್ಪತ್ತು ಹೆಜ್ಜೆ."
ಸಂಜೆ ಆರೂವರೆಗೆ, ಯಾಕೋ, ನಾನು ಸೀಟಿ ಊದಿದೆ.
ಎದ್ದರು ಎಲ್ಲರೂ:
ಪಾಳಿ ಮುಗಿಸಿ ಬಂದ ನರ್ಸು, ಚದುರಂಗದ ಮುದುಕರು
(ಕಾಯಿ ಕದಲದಂತೆ ಮಣೆ ಎತ್ತಿಕೊಂಡು),
ಏನು ಕಾನೂನೋ ತಿಳಿಯದೆ ತಾವೂ ಎದ್ದ ಪ್ರವಾಸಿಗಳು.
ನಮಗೂ ನದಿಗೂ ನಡುವೆ ಬರಿದಾಯಿತು ಮರಳು
ಎಷ್ಟೋ ಹೊತ್ತು. ಯಾರೂ ಕಾಲಿಡಲಿಲ್ಲ.
ಒಂದು ಬಿಸ್ಕತ್ತಿನ ಕಾಗದ ಅಷ್ಟು ದೂರ ಹಾರಿ
ತಾನೇ ನಿಂತಿತು.

ಆಗ ಜಲ್ಲಿ ಹೊತ್ತ ಹಡಗೊಂದು ಹಾದು,
ಅದರ ಅಲೆ ಕಟ್ಟೆಗೆ ಬಡಿದು
ಒಂದು ಹನಿ ಬಂದು ನನ್ನ ಮೊಣಕೈಗೆ.
ನೆಕ್ಕಿ ನೋಡಿದೆ.
ಹೇಗಿತ್ತೆಂದು ಯಾರಿಗೂ ಹೇಳಿಲ್ಲ.

ಇಪ್ಪತ್ತನೆಯ ತಾರೀಖಿಗೆ ಬಂದವು ಯಂತ್ರಗಳು.
ಮರಳು ಹೋಯಿತು. ಈಚಲು ಪೀಪಾಯಿಯ ಸಮೇತ ಹೋಯಿತು.
ಪುಸ್ತಿಕೆ ಕೇಳಿದೆ, ನೆನಪಿಗೆ.
"ಡಿಸೆಂಬರಿನ ತನಕ ಬೇಕಲ್ಲ ನನಗೆ," ಎಂದು ಚೀಲದ ಬಾಯಿ ಕಟ್ಟಿದಳು.

ಚಳಿಗಾಲಕ್ಕೆ ನಾನು ಒಳಾಂಗಣ ಈಜುಕೊಳಕ್ಕೆ.
ಕ್ಲೋರಿನ್ ವಾಸನೆ, ಮಬ್ಬು ಗಾಜು, ನಿಜವಾಗಿ ಮುಳುಗಬಲ್ಲ ಜನ.
ಗುರುವಾರ ಶಾಲೆಯ ಮಕ್ಕಳ ಸರದಿ.
ಹಳದಿ ಟೊಪ್ಪಿಯಲ್ಲಿ ಕಾದಿಯಾತು,
ಅಂಚು ಹಿಡಿದು ಕಾಲು ಬಡಿಯುತ್ತಿದ್ದವಳು
ಗೋಡೆ ಗಡಿಯಾರ ನೋಡಿ ಸರ್ರನೆ ಮೇಲೆ ಹತ್ತಿ
ಹಲ್ಲು ಕಟಕಟಿಸುತ್ತ ನಡೆದಳು, ತುಟಿಯಲ್ಲೇ ಎಣಿಸುತ್ತ.
ಮೇಷ್ಟರು ಕೂಗಿದರು. ಅವಳು ತಿರುಗಲಿಲ್ಲ.
ಅಂಗೈಯಲ್ಲಿ ಪೆನ್ನಿನ ಬರಹ, ಅರ್ಧ ನೀರಿಗೆ ಹೋಗಿತ್ತು:
ಹನ್ನೊಂದೂ ಇಪ್ಪತ್ತು.

ನಾನೂ ಕುರ್ಚಿ ಎಳೆದೆ.