ಮನೆಯ ಗುಂಡಿ

ಎರಡನೆಯ ಕೈಯ ಕಾರು ಕೊಂಡೆ.
ಲಕ್ಷದ ಹತ್ತು ಸಾವಿರ ಓಡಿದೆ ಎಂದಿತು ಮೀಟರು.
ಮೀಟರಿನ ಮಾತು ನಂಬಬೇಡ್ರಿ ಎಂದ ಜಬೀವುಲ್ಲಾ,
ಪಿ.ಬಿ. ರೋಡಿನ ತಗಡಿನ ಅಂಗಡಿಯಲ್ಲಿ
ಸೀಟಿಗೆ ಗವಸು ಹೊಲಿಯುತ್ತ.

ಸ್ಟೇರಿಂಗಿನ ಪಕ್ಕದಲ್ಲೇ ಸ್ಲೇಟಿನಷ್ಟು ಗಾಜು.
ಅದೊಂದಕ್ಕೇ ಎಂಬತ್ತು ಸಾವಿರ ಹೆಚ್ಚಿಗೆ ಕೊಟ್ಟಿದ್ದರಂತೆ
ದುರ್ಗದ ಓಂಕಾರಪ್ಪ ಎಂಬ ಕಂಟ್ರಾಕ್ಟರು.
ಒಳಗೊಬ್ಬಳು ಇಂಗ್ಲಿಷಿನವಳು,
ಹದಡಿಯನ್ನು ಹಡಾಡಿ ಎನ್ನುವವಳು.
ಬೈಪಾಸು ಹುಟ್ಟುವ ಮೊದಲೇ ಅವಳ ಓದು ಮುಗಿದಿತ್ತು.
ಹೊಸ ರಸ್ತೆಗೆ ಏರಿದೆನೋ, ಗಾಜಿನಲ್ಲಿ ರಸ್ತೆಯೇ ಮಾಯ:
ನಾನೊಂದು ಪುಟ್ಟ ಬಾಣವಾಗಿ
ಖಾಲಿ ಹೊಲದ ಮೇಲೆ ಎಂಬತ್ತರ ವೇಗದಲ್ಲಿ
ಯಾರ ಬದುವನ್ನೂ ಲೆಕ್ಕಿಸದೆ ಹೋಗುತ್ತಿದ್ದೆ.
ತಿರುಗಿ, ದಯವಿಟ್ಟು ತಿರುಗಿ, ಎನ್ನುತ್ತಿದ್ದಳು.

ಹೊಸ ನಕ್ಷೆಗೆ ಹದಿನಾಲ್ಕು ಸಾವಿರ,
ಕಾರ್ಡು ಬರಲು ಒಂದೂವರೆ ತಿಂಗಳು, ಎಂದರು ಹುಬ್ಬಳ್ಳಿಯ ಶೋರೂಮಿನವರು.
ಅಷ್ಟು ದುಡ್ಡಿಗೆ ಊರನ್ನೇ ಹೊಸದು ಮಾಡಿ ಕೊಡ್ತಾರೇನ್ರೀ,
ಎಂದಳು ಸರ್ವಮಂಗಳ.
ಜಬೀವುಲ್ಲಾ ರಬ್ಬರಿನ ಬಟ್ಟಲೊಂದು ತೆಗೆದ,
ನೂರಾ ಎಂಬತ್ತು ರೂಪಾಯಿ,
ನಾಲಿಗೆಯಲ್ಲಿ ನೆಕ್ಕಿ ಮುಂದಿನ ಗಾಜಿಗೆ ಒತ್ತಿದ.
ಇಲ್ಲಿ ಫೋನ್ ಸಿಗಿಸ್ರಿ, ಜಗತ್ತೇ ಬರ್ತೈತಿ.

ಬಂತು.
ಜಗಳೂರು, ಚಳ್ಳಕೆರೆ, ಹೊಸದುರ್ಗ,
ಕನ್ನಡಕದಂಗಡಿಗಳಿಗೆ ಗಾಜು ಹಂಚುವವನು ನಾನು.
ರೈಲ್ವೆ ಗೇಟು ಬಿದ್ದದ್ದು ಗೊತ್ತು ಅದಕ್ಕೆ,
ಮಂಡಕ್ಕಿ ಭಟ್ಟಿಯ ಓಣಿಯ ಹೊಗೆಯೊಳಗೆ
ಹೊಟ್ಟಿನ ಲಾರಿ ಅಡ್ಡ ನಿಂತದ್ದೂ ಗೊತ್ತು.
ಆದರೆ ದುರ್ಗದ ಬಂಡೆಯ ಕಾವಿಗೆ ರಬ್ಬರು ಬೆವರುತ್ತದೆ.
ಟಪ್ಪನೆ ಬಿತ್ತು ಒಮ್ಮೆ, ಕ್ಲಚ್ಚಿನ ಕೆಳಗೆ,
ಅಲ್ಲಿಂದಲೇ ಕೂಗಿತು: ಇನ್ನೂರು ಮೀಟರಿನಲ್ಲಿ ಎಡಕ್ಕೆ.
ಕಾಲ ಬುಡದಿಂದ ದಾರಿ ಹೇಳಿಸಿಕೊಂಡವನು ನಾನು.

ಏಪ್ರಿಲ್ಲಿನ ಒಂದು ಸಂಜೆ ಅದೂ ಕೈಕೊಟ್ಟಿತು.
ತಣ್ಣಗಾಗುವವರೆಗೆ ಕಾಯಿರಿ ಎಂದು ಬರೆದು ಕಪ್ಪಾಯಿತು.
ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪ
ಹತ್ತಿ, ಆರಿ, ಹತ್ತಿ.
ದುರ್ಗದ ಯಾವುದೋ ಓಣಿ, ಮೂರು ಸಲ ಅದೇ ಹಾಲಿನ ಡೇರಿ.
ಮನೆಯ ಚಿತ್ರವಿದ್ದ ಗುಂಡಿ ಇತ್ತಲ್ಲ, ಒತ್ತಿದೆ.
ನನ್ನ ಮನೆ ಇವಳಿಗೆ ಹೇಗೆ ಗೊತ್ತು
ಎಂದು ಹೊಳೆಯಲಿಲ್ಲ, ದಣಿದಿದ್ದೆ.
ಬಲಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ.
ಇಷ್ಟು ದಿನ ತಡವರಿಸಿದವಳು ಒಮ್ಮೆಯೂ ತಡವರಿಸದೆ
ಹಸಿರು ಗೇಟಿನ ಮುಂದೆ ನಿಲ್ಲಿಸಿ,
ತಲುಪಿದ್ದೀರಿ, ಎಂದಳು.

ಎಂಜಿನ್ನು ಆರಿಸುವ ಮುಂಚೆಯೇ ಗೇಟಿನಡಿಯಿಂದ ನುಸುಳಿತು
ಕಿವಿ ಹರಿದ, ಕಂದು ಬಣ್ಣದ ಮುದಿ ನಾಯಿ.
ಬಾಲ ಬಾಗಿಲಿಗೆ ಬಡಿಯುತ್ತ ಮುಂದಿನ ಗಾಲಿ ಮೂಸಿತು,
ಹಿಂದಿನದನ್ನೂ ಮೂಸಿತು,
ಮುಂಗಾಲು ಕಿಟಕಿಗೆ ಇಟ್ಟಿತು.
ಗಾಜು ಇಳಿಸಿದೆ.
ಬೊಗಳಿದ್ದರೆ ವಾಸಿಯಿತ್ತು.
ನನ್ನ ಮುಖ ನೋಡಿ, ಹಿಂದಿನ ಸೀಟನ್ನೂ ನೋಡಿ,
ಕಾಲಿಳಿಸಿ ಹೋಗಿ ಗೇಟಿನ ಬಳಿ ಮಲಗಿತು.

ಯಾರದು? ಎಂದಿತು ಒಳಗಿನ ಹೆಣ್ಣು ದನಿ.
ದಾರಿ ತಪ್ಪಿತಮ್ಮಾ, ದಾವಣಗೆರೆಗೆ ಹೋಗಬೇಕು.
ನೆಟ್ಟಗೆ ಹೋಗ್ರಿ, ಬಾವಿ ಹತ್ರ ಬಲಕ್ಕೆ,
ಮುಂದೆ ಯಾರನ್ನಾದ್ರೂ ಕೇಳ್ರಿ.
ದೀಪ ಹಾಕಲಿಲ್ಲ.
ನಾನು ಹೆಸರು ಕೇಳಲಿಲ್ಲ.

ಹಳೇದು ಕಿತ್ತು ಚೀನಾ ಸೆಟ್ಟು ಕೂರಿಸ್ಲೇನ್ರೀ, ಆರೂವರೆ ಸಾವಿರ,
ಎಂದ ಜಬೀವುಲ್ಲಾ ಮರುದಿನ.
ಬೇಡ ಅಂದ್ರೆ ಮನೆ ಆದ್ರೂ ಬದಲಾಯಿಸ್ಕೊಳ್ಳಿ,
ಆ ಗುಂಡಿ ಐದು ಸೆಕೆಂಡು ಒತ್ತಿ ಹಿಡೀರಿ, ಸಾಕು.
ಒತ್ತಿ ಹಿಡಿದೆ. ಮೂರರವರೆಗೆ ಎಣಿಸಿ
ಬೆರಳು ತೆಗೆದೆ.
ಇನ್ನೊಂದು ರಬ್ಬರಿನ ಬಟ್ಟಲು ಕೊಡಪ್ಪಾ ಎಂದೆ.
ಇಪ್ಪತ್ತು ರೂಪಾಯಿ ಏರಿತ್ತು.