ನೀಲಿ ಬೆರಳು

ಹದಿನಾಲ್ಕು ವರ್ಷದಿಂದ ಇದೇ ಕೆಲಸ ನನಗೆ:
ಜಗಳ ತಂದವರನ್ನು ಎದುರುಬದುರು ನಿಲ್ಲಿಸಿ
ಕೈ ಕುಲುಕಿಸುವುದು.
ಸಾರಿ ಹೇಳು ಅಂದರೆ ಸಾರಿ,
ಪರವಾಗಿಲ್ಲ ಹೇಳು ಅಂದರೆ ಪರವಾಗಿಲ್ಲ,
ಹಾಜರಿ ಕೂಗಿದಷ್ಟೇ ಸಲೀಸು;
ಗಂಟೆ ಹೊಡೆಯುವುದರೊಳಗೆ ರಾಜಿ.
ಬಳ್ಳಾರಿಯ ಕೌಲ್ ಬಜಾರಿನ ಈ ಮಿಷನ್ ಶಾಲೆಯಲ್ಲಿ
ನೀತಿಪಾಠ ನನ್ನದು, ಶುಕ್ರವಾರ ಕೊನೆಯ ಪಿರಿಯಡ್ಡು.

ಹುಲಿಗೇಶನ ಬೆರಳು ನೀಲಿ.
ಮನೆ ತುಂಬ ಜೀನ್ಸು; ಅವ್ವ ಹೊಲಿದದ್ದಕ್ಕೆ
ಇವನು ದಾರ ಕತ್ತರಿಸುತ್ತಾನೆ ರಾತ್ರಿ ಹತ್ತರವರೆಗೆ,
ಡಜನ್ನಿಗಿಷ್ಟು ಎಂದು.
ತೊಳೆದರೂ ಹೋಗದ ಬಣ್ಣ,
ನೋಟ್‌ಬುಕ್ಕಿನ ಮೂಲೆಗೆಲ್ಲ ಅವನ ಹೆಬ್ಬೆಟ್ಟಿನ ರುಜು.

ತರಗತಿಯ ಕಾಣಿಕೆ ಡಬ್ಬಿ ಅವತ್ತು ಹಗುರಾಗಿತ್ತು.
ಮುಚ್ಚಳದ ಮೇಲೆ ನೀಲಿ ಗುರುತು ಕಂಡದ್ದೇ
ನನ್ನ ಕೈ ನನಗಿಂತ ಮೊದಲು ಎದ್ದಿತು.
ಐವತ್ತೆರಡು ಮಕ್ಕಳು.
ಕಿಟಕಿಯಾಚೆ ಕೋಟೆಗುಡ್ಡದ ಬಂಡೆ;
ಸದ್ದು ಅದಕ್ಕೆ ತಾಗಿ ವಾಪಸು ಬಂದಂತಾಯಿತು.

ಸೋಮವಾರ ಗೊತ್ತಾಯಿತು:
ದುಡ್ಡನ್ನು ಗುರುವಾರವೇ ಬ್ಯಾಂಕಿಗೆ ಕಟ್ಟಿದ್ದರು
ಗುಮಾಸ್ತ ಪ್ರಭುದಾಸಪ್ಪನವರು.
ಶುಕ್ರವಾರ ಡಬ್ಬಿಯಲ್ಲಿದ್ದದ್ದು ಎರಡು ರೂಪಾಯಿಯ ಒಂದೇ ನಾಣ್ಯ,
ಅಂಚಿಗೆ ನೀಲಿ ಹತ್ತಿದ್ದು.
ಅವನು ತೆಗೆದಿರಲಿಲ್ಲ. ಹಾಕಿದ್ದ.

ಸ್ಟಾಫ್ ರೂಮಿಗೆ ಕರೆಸಿದೆ. ಬಾಗಿಲು ಮುಂದೆ ಮಾಡಿದೆ.
ತಲೆ ಸವರಿ, ಮೆತ್ತಗೆ, ತಪ್ಪಾಯ್ತು ಕಣಪ್ಪ ಅಂದೆ.
ಪರವಾಗಿಲ್ಲ ಮಿಸ್ ಅನ್ನುತ್ತಾನೆ,
ನಾನೇ ಕಲಿಸಿದ ಮಾತಲ್ಲವೇ,
ಎಂದು ಕಾದೆ.
ಅವನು ನನ್ನ ಚಪ್ಪಲಿ ನೋಡುತ್ತ ಕೇಳಿದ:
"ಹೊಡೆದದ್ದು ಎಲ್ಲಿ ಮಿಸ್ಸು?"

ಕೆನ್ನೆಗೆ ಎನ್ನಲು ಹೊರಟ ನಾಲಿಗೆ
ಅರ್ಧಕ್ಕೇ ನಿಂತಿತು.

ಆ ರಾತ್ರಿ ಊಟಕ್ಕೆ ಮುಂಚೆ
ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆಯ ಸಾಲು ಬಂದಾಗ
ನನಗೆ ಕೆಮ್ಮು.
ಯಜಮಾನರು ಒಬ್ಬರೇ ಹೇಳಿ ಮುಗಿಸಿದರು.

ಮಂಗಳವಾರ ಗಣಿತದ ಮೇಷ್ಟ್ರನ್ನು ಬೇಡಿ
ಹತ್ತು ನಿಮಿಷ ತೆಗೆದುಕೊಂಡೆ.
ಕರಿಹಲಗೆಯ ಪಕ್ಕ, ಶುಕ್ರವಾರ ನಿಂತಲ್ಲೇ ನಿಂತೆ.
ಏನು ಹೇಳಿದೆನೋ ಪೂರ್ತಿ ನೆನಪಿಲ್ಲ.
ಡಬ್ಬಿ, ನಾಣ್ಯ, ನನ್ನ ಕೈ, ಇಷ್ಟು.
ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ಕೆಂದರು,
ಆಸೀರ ಅವನ ಪಾದ ತುಳಿದ.
ಮೊಳಕಾಲು ನಡುಗುತ್ತಿದ್ದವು ನನ್ನವು.
ಇಷ್ಟು ದೂರವಿತ್ತೇ ಮಕ್ಕಳಿಗೆ
ನಾನು ತೋಳು ಹಿಡಿದು ನಡೆಸುತ್ತಿದ್ದ
ಆ ಎರಡು ಹೆಜ್ಜೆ?

ಹುಲಿಗೇಶ ಏಳಲಿಲ್ಲ. ಏನೂ ಅನ್ನಲಿಲ್ಲ.
ಹೇಳು ಎನ್ನಲಿಲ್ಲ ನಾನೂ.
ಗಂಟೆ ಹೊಡೆಯಿತು.

ಎರಡು ವಾರವಾಯಿತು.
ಕೈ ಕುಲುಕಿಸುವುದು ಬಿಟ್ಟಿದ್ದೇನೆ.
ಜಗಳ ತಂದವರನ್ನು ಬೇವಿನ ಕೆಳಗೆ ಕೂರಿಸಿ
ಎಲ್ಲಿ ಹೊಡೆದೆ ಎಂದು ಕೇಳುತ್ತೇನೆ;
ಕೆಲವರು ಬೆನ್ನು ತೋರಿಸುತ್ತಾರೆ,
ಕೆಲವರು ಬಹಳ ಹೊತ್ತು ಸುಮ್ಮನಿರುತ್ತಾರೆ.

ನಿನ್ನೆ ತಿದ್ದಲು ಬಂದ ಪುಸ್ತಕಗಳ ರಾಶಿಯಲ್ಲಿ
ಅವನದು ಎಲ್ಲಕ್ಕಿಂತ ಮೇಲಿತ್ತು.
ಬೇಕೆಂದೇ ಇಟ್ಟನೋ, ಕೊನೆಗೆ ಬಂದನೋ,
ಕೇಳಿಲ್ಲ.
ಪ್ರತಿ ಸಲ ಆ ಹೆಬ್ಬೆಟ್ಟಿನ ಪಕ್ಕ
ಅಚ್ಚುಕಟ್ಟು ಇರಲಿ ಎಂದು ಬರೆಯುತ್ತಿದ್ದೆ ಕೆಂಪು ಶಾಯಿಯಲ್ಲಿ.
ನಿನ್ನೆ ಬರೀ ಕಾಗುಣಿತ ತಿದ್ದಿದೆ.